ಪಾತಾಳದಲ್ಲಿ ಬಟ್ಟೆ ಒಣಗುವುದಿಲ್ಲ

ಹದಿನೇಳರ ವಯಸ್ಸಿನಲ್ಲಿ ನಾನು ಪಾತಾಳದ ರಾಜನ ಮೇಲೆ ಪ್ರಾಣ ಬಿಡುತ್ತಿದ್ದೆ. ಗ್ರೀಕರ ಹಳೆಯ ಕತೆಯೊಂದಿದೆ: ಹೂ ಕೀಳುತ್ತಿದ್ದ ಹುಡುಗಿಯನ್ನು ಸತ್ತವರ ಲೋಕದ ಅರಸ ನೆಲ ಸೀಳಿ ಬಂದು ಹೊತ್ತೊಯ್ಯುತ್ತಾನೆ. ತಾಯಿ ಅತ್ತು ಕರೆದು ಮಗಳನ್ನು ಬಿಡಿಸಿಕೊಳ್ಳುವ ಹೊತ್ತಿಗೆ ಆಕೆ ಅಲ್ಲಿ ನಾಲ್ಕು ದಾಳಿಂಬೆ ಕಾಳು ತಿಂದುಬಿಟ್ಟಿರುತ್ತಾಳೆ. ತಿಂದ ತಪ್ಪಿಗೆ ವರ್ಷದಲ್ಲಿ ಅರ್ಧ ತಾಯಿಯ ಹತ್ತಿರ, ಅರ್ಧ ಅವನ ಹತ್ತಿರ. ಇದಕ್ಕೆ ಈಗಿನ ಹುಡುಗಿಯರ ರುಚಿಗೆ ತಕ್ಕ ಒಗ್ಗರಣೆ ಹಾಕಿದ ಪ್ರೇಮಕತೆಗಳು ಫೋನಿನಲ್ಲಿ ಹೇರಳ. ಅವುಗಳಲ್ಲಿ ರಾಜ ಯಾವಾಗಲೂ ಎತ್ತರ, ಕಪ್ಪು ಅಂಗಿ, ಕಡಿಮೆ ಮಾತು. ಓದಿ ಓದಿ ಸಾಕಾಗದೆ ನಾನೇ ಒಂದನ್ನು ಕನ್ನಡದಲ್ಲಿ ಕಂತು ಕಂತಾಗಿ ಬರೆದು ಅಲ್ಲೇ ಹಾಕತೊಡಗಿದೆ.

ರಾಜನಿಗೆ ಮಾದರಿ ಹುಡುಕಿಕೊಂಡು ದೂರ ಹೋಗಬೇಕಿರಲಿಲ್ಲ. ನನ್ನ ಭಾವನಿಗೆ ಶಿವಾಜಿನಗರದ ಕೆಳಗೆ ಮೆಟ್ರೋ ಸುರಂಗದಲ್ಲಿ ಕೆಲಸ. ಮೈತುಂಬ ಬೂದು ಧೂಳು ಹೊತ್ತು ನೆಲದೊಳಗಿಂದ ಎದ್ದು ಬರುವ ಎತ್ತರದ ಗಂಡಸು, ಮಾತೂ ಕಡಿಮೆ. ಆ ವರ್ಷ ಮಾಘದಲ್ಲಿ ನನ್ನ ಅಕ್ಕನನ್ನು ಮದುವೆಯಾಗಿ ಹಲಸೂರಿಗೆ ಕರೆದುಕೊಂಡು ಹೋಗಿದ್ದ. ಗಲ್ಲಿಯಿಂದ ಮೆಟ್ಟಿಲಿಳಿದು ಹೋಗಬೇಕಾದ ಮನೆ, ಹಗಲಲ್ಲೂ ಟ್ಯೂಬ್‌ಲೈಟ್ ಬೇಕು. ಒಬ್ಬ ಲೇಖಕಿಗೆ ಇನ್ನೇನು ಬೇಕು ಹೇಳಿ!

ನಾವು ರಾಯಚೂರು ಕಡೆಯವರು, ದೊಡ್ಡನೆಕ್ಕುಂದಿಯ ಫ್ಯಾಕ್ಟರಿಗಳ ಹಿಂದೆ ಬಾಡಿಗೆಗೆ ಇದ್ದೆವು. ಆಷಾಢ ಬಂತು. ಹೊಸ ಸೊಸೆ ಆಷಾಢದಲ್ಲಿ ಅತ್ತೆಯ ಜೊತೆ ಒಂದೇ ಹೊಸ್ತಿಲು ದಾಟಬಾರದು, ತವರಿಗೆ ಬರಬೇಕು. ಅದರ ಮೇಲೆ ಮೊದಲ ಪಂಚಮಿ ಹಬ್ಬವನ್ನೂ ತವರಲ್ಲೇ ಮುಗಿಸಿಕೊಂಡು ಹೋಗುವುದು ನಮ್ಮ ರೂಢಿ. ಗ್ರೀಕರ ತಾಯಿಗೆ ಸಿಕ್ಕಿದ್ದು ಅರ್ಧ ವರ್ಷ, ನಮ್ಮವ್ವನಿಗೆ ಒಂದು ತಿಂಗಳು ಚಿಲ್ಲರೆ.

ಅಕ್ಕ ಬಂದವಳೇ ಬ್ಯಾಗಿನಲ್ಲಿದ್ದ ಬಟ್ಟೆಯನ್ನೆಲ್ಲ ಮಹಡಿಗೆ ಹೊತ್ತುಕೊಂಡು ಹೋಗಿ ಹರವಿದಳು. ಒಗೆದ ಬಟ್ಟೆಗಳೇ, ಆದರೆ ಮುಗ್ಗಲು ವಾಸನೆ. ಆಮೇಲಿನ ದಿನಗಳಲ್ಲಿ ಊಟ ಅರ್ಧಕ್ಕೇ ಬಿಟ್ಟು ಏಳುವಳು, ಕರೆದರೆ ಓಗೊಡಳು. ಆಷಾಢದಲ್ಲಿ ತವರಿಗೆ ಬಂದ ಹುಡುಗಿಗೆ ಜನ ವಿರಹ ಬಿಟ್ಟು ಬೇರೆ ಯಾವ ಕಾಯಿಲೆಯನ್ನೂ ಬರಗೊಡುವುದಿಲ್ಲ.

"ಏನವಾ, ಗಂಡನ ನೆನಪು ಭಾಳ ಕಾಡ್ತದೇನು?" ಎಂದು ಪಕ್ಕದ ಮನೆಯಾಕೆ ಕೇಳಿದರೆ ಅಕ್ಕ ತಲೆ ತಗ್ಗಿಸುತ್ತಿದ್ದಳು. ತಲೆ ತಗ್ಗಿಸಿದ್ದನ್ನು ನಾಚಿಕೆ ಎಂದುಕೊಂಡು ಅವ್ವನೂ ನಗುತ್ತಿದ್ದಳು. ನಾನಂತೂ ಆ ವಿರಹದ ಮೇಲೆ ಇಡೀ ಒಂದು ಕಂತು ಬರೆದು ಹಾಕಿದೆ, ಹೃದಯದ ಗುರುತುಗಳು ಧಾರಾಳವಾಗಿ ಬಂದವು.

ಒಂದು ಮಧ್ಯಾಹ್ನ ಮಹಡಿಯಲ್ಲಿ ಅಕ್ಕ ನನ್ನ ಫೋನ್ ಇಸಿದುಕೊಂಡು ಅಷ್ಟನ್ನೂ ಓದಿದಳು. ಹೊಗಳುತ್ತಾಳೆಂದು ಕಾದು ಕೂತಿದ್ದೆ.

"ಅಲ್ಲಾ, ಇಕಿ ಬಟ್ಟಿ ಎಲ್ಲಿ ಒಣಗಿಸ್ತಾಳ?" ಎಂದಳು.

"ಪಾತಾಳದ ರಾಣಿ ಬಟ್ಟಿ ಒಗೀತಾಳೇನು?"

"ಮತ್ಯಾರು ಒಗೀತಾರ? ಬಿಸಿಲಿಲ್ಲಂದ್ರ ಒಣಗಂಗಿಲ್ಲ. ನಾರ್ತಾವ. ಅವನ್ನೇ ಉಟ್ಕೋಬೇಕು." ಫೋನಿನ ಪರದೆಯನ್ನು ಬೆರಳಿನಿಂದ ಮೇಲಕ್ಕೆ ಸರಿಸಿದಳು. "ಇಲ್ಲಿ ಬಾಗಿಲಾ ತಾನಾಗೇ ತೆಗೀತದಂತ ಬರ್ದಿ. ಸುಳ್ಳು. ಹೊರಗಿಂದ ಬೀಗ ಇರ್ತದ."

ನನಗೆ ಸಿಟ್ಟು ನೆತ್ತಿಗೇರಿತು. ಪಿಯುಸಿಯಲ್ಲಿ ಕನ್ನಡಕ್ಕೆ ಕಷ್ಟಪಟ್ಟು ಪಾಸಾದವಳು ನನಗೆ ಕತೆ ಕಲಿಸಲು ಬಂದಳಲ್ಲ! "ಬೀಗ ಹಾಕೋ ರಾಜನ್ನ ಯಾರಾದ್ರೂ ಪ್ರೀತಿ ಮಾಡ್ತಾರೇನು?" ಎಂದೆ.

"ನಾನೂ ಅದನ್ನೇ ಕೇಳ್ಕೋತೀನಿ," ಎಂದಳು ಅಕ್ಕ.

ಆಗ ಹೇಳಿದಳು. ಬೆಳಿಗ್ಗೆ ಅತ್ತೆ ಹೂ ಮಾರಲು ಹೋಗುತ್ತಾರೆ, ಭಾವ ಸುರಂಗಕ್ಕೆ. ಅವಳನ್ನು ಒಳಗೆ ಬಿಟ್ಟು ಹೊರಗಿಂದ ಬೀಗ. ಕಾಲ ಸರಿಯಿಲ್ಲ, ಹೊಸಬಳು ಎಂದು ನೆಪ. ಕೆಳಗಿನ ಮನೆಯಲ್ಲಿ ಫೋನಿಗೆ ಸಿಗ್ನಲ್ ಇಲ್ಲ, ಮೆಟ್ಟಿಲ ಮೇಲೆ ನಿಂತು ಮಾತಾಡುವಾಗ ಅತ್ತೆ ಪಕ್ಕದಲ್ಲೇ. ಒಮ್ಮೆ ಗ್ಯಾಸ್ ಪೈಪು ಸೋರಿತು. ರೆಗ್ಯುಲೇಟರ್ ಆರಿಸಿದಳು, ಆದರೂ ವಾಸನೆ ಹೋಗಲಿಲ್ಲ. ಕಿಟಕಿಯ ಸರಳಿಗೆ ಮುಖ ಒತ್ತಿಕೊಂಡು ಕೂಗಿದಳು. ಅಲ್ಲಿಂದ ಕಾಣುವುದು ಗಲ್ಲಿಯಲ್ಲಿ ನಡೆಯುವವರ ಕಾಲುಗಳು ಮಾತ್ರ. ಒಂದು ಜೊತೆ ಕಾಲು ನಿಂತು ತಮಿಳಿನಲ್ಲಿ ಏನೋ ಕೇಳಿ ಮುಂದೆ ಹೋಯಿತು. ಸಂಜೆ ಭಾವ ಬಂದು, "ಆರಿಸಿದ್ಯಲ್ಲ, ಮತ್ತೇನು?" ಎಂದನಂತೆ. ಮರುದಿನವೂ ಬೀಗ ಹಾಕಿಕೊಂಡೇ ಹೋದನಂತೆ.

"ಅವ್ವಗ ಹೇಳು," ಎಂದೆ.

"ಹೇಳಾಕ ಹೋದೆ. ಮನಿ ಇಕ್ಕಟ್ಟದ ಅನ್ನೂದ್ರೊಳಗೇ, ಉಂಡ ಮನಿ ಜಂತಿ ಎಣಿಸಬಾರದು ಅಂದ್ಳು." ಅಕ್ಕ ಫೋನ್ ವಾಪಸು ಕೊಟ್ಟಳು. "ನಿನ್ನ ಕತಿಯಾಕಿ ನಾಕು ಕಾಳು ತಿಂದದ್ದಕ್ಕ ತಿರುಗಿ ಹೋಗ್ತಾಳ. ನಾನು ದಿನಾ ಅಲ್ಲೇ ಉಂಡಾಕಿ. ನನ್ನ ಗತಿ ಏನು?"

ಓದುಗರು ಮುಂದಿನ ಕಂತು ಎಲ್ಲಿ ಎಂದು ಪೀಡಿಸುತ್ತಿದ್ದರು. ರಾಜ ಬಾಯಿ ತೆರೆದರೆ ಭಾವನ ಧ್ವನಿ ಕೇಳುತ್ತಿತ್ತು, ಒಂದು ಸಾಲೂ ಮುಂದೆ ಹೋಗಲಿಲ್ಲ. ಅವ್ವ ಪಂಚಮಿಗೆಂದು ಶೇಂಗಾ ಉಂಡಿ ಕಟ್ಟಿದಳು, ಎಳ್ಳಿನ ಉಂಡಿ ಕಟ್ಟಿದಳು. ಹಬ್ಬ ಹತ್ತಿರ ಬಂದಷ್ಟೂ ಆ ಮೆಟ್ಟಿಲು ಹತ್ತಿರ ಬರುತ್ತಿತ್ತು. ಬಾಯಿ ಬಿಡಬೇಡ ಎಂದು ಅಕ್ಕ ಆಣೆ ಹಾಕಿಸಿಕೊಂಡಿದ್ದಳು.

ಪಂಚಮಿಯ ಮರುದಿನ ಭಾವ, ಅವನ ತಾಯಿ ಇಬ್ಬರೂ ಸೀರೆ ತೆಗೆದುಕೊಂಡು ಬಂದರು. ಊಟವಾಯಿತು. ಅಪ್ಪ ಆಟೋ ತರಲು ಚಪ್ಪಲಿ ಮೆಟ್ಟಿಕೊಂಡ. ಅವ್ವ ಅಕ್ಕನನ್ನು ಮಣೆಯ ಮೇಲೆ ಕೂರಿಸಿದಳು. ನಮ್ಮಲ್ಲಿ ಉಡಿ ತುಂಬದೆ ಮಗಳನ್ನು ಕಳಿಸುವುದಿಲ್ಲ: ಅರಿಶಿನ ಹಚ್ಚಿದ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಹಣ್ಣು. ಮೊರದಲ್ಲಿ ಬಾಳೆಹಣ್ಣಿನ ಪಕ್ಕ ಒಂದು ದಾಳಿಂಬೆಯೂ ಇತ್ತು. ಅದನ್ನು ನಾನು ಬಾಳೆಹಣ್ಣಿನ ಹಿಂದಕ್ಕೆ ಸರಿಸಿದೆ.

ಅವ್ವ ಎರಡೂ ಬೊಗಸೆ ಅಕ್ಕಿ ತುಂಬಿಕೊಂಡು ನಿಂತಳು. ಅಕ್ಕ ಸೆರಗು ಒಡ್ಡಲಿಲ್ಲ.

"ಸೆರಗು ಹಿಡಿಯವಾ."

"ತವರು ಬಿಟ್ಟು ಬರೋಕೆ ಎಲ್ರಿಗೂ ಬೇಜಾರೇ, ಬಿಡಿ," ಎಂದು ಅವಳ ಅತ್ತೆ ನಕ್ಕರು.

ಆ ನಗು ಕೇಳಿದ್ದೇ ಆಣೆಗೀಣೆ ಎಲ್ಲ ಮರೆತುಹೋಯಿತು. "ಅವ್ವಾ, ಅಕ್ಕನ್ನ ಒಳಗ ಬಿಟ್ಟು ಹೊರಗಿಂದ ಬೀಗ ಹಾಕ್ತಾರ! ಗ್ಯಾಸ್ ಸೋರಿದಾಗೂ ಬೀಗ ಇತ್ತು!" ಎಂದು ಕಿರುಚಿದೆ.

ಅವ್ವ ಅಕ್ಕನ ಮುಖ ನೋಡಿದಳು. ಅಕ್ಕ ಈ ಸಲ ತಲೆ ತಗ್ಗಿಸಲಿಲ್ಲ. ಹೌದು ಎಂದಳು.

"ಕೀಲಿಕೈ ಯಾರ ಹತ್ರ ಇರ್ತದ್ರೀ?" ಎಂದು ಅವ್ವ ಭಾವನನ್ನು ಕೇಳಿದಳು. ಅವನ ಕೈ ತಾನಾಗೇ ಪ್ಯಾಂಟಿನ ಜೇಬಿಗೆ ಹೋಯಿತು. "ಸೇಫ್ಟಿಗೆ, ಅತ್ತೆ. ಏರಿಯಾ ಸರಿ ಇಲ್ಲ," ಎಂದ.

ಅವ್ವ ತಿರುಗಿ ಬೊಗಸೆಯ ಅಕ್ಕಿಯನ್ನು ಮೊರಕ್ಕೆ ಸುರಿದಳು. "ಇವತ್ತು ಉಡಿ ತುಂಬೂದಿಲ್ರೀ," ಎಂದಳು.

"ಕೊಟ್ಟ ಹೆಣ್ಣು ಕುಲಕ್ಕೆ ಹೊರಗು. ಇನ್ನು ಅವಳು ನಮ್ಮವಳು," ಎಂದರು ಅತ್ತೆ.

"ಹೊರಗೇ ಇರ್ಲಿ ಬಿಡ್ರೀ. ಒಳಗ ಹಾಕಿ ಕೀಲಿ ಜಡಿಯೋದು ಬ್ಯಾಡ."

ಮಾತು ಬೆಳೆಯಿತು, ಅಕ್ಕಪಕ್ಕದವರು ಬಾಗಿಲಿಗೆ ಬಂದರು. ಕೊನೆಗೆ ಅವರಿಬ್ಬರೇ ಹೋದರು. ಅಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತ. ಅವ್ವ ಬಾಗಿಲು ಹಾಕಿ ಚಿಲಕ ಜಡಿದು, "ಇವತ್ತು ಯಾರೂ ಹೊರಗ ಹೋಗಬ್ಯಾಡ್ರಿ," ಎಂದಳು. ರಾತ್ರಿಯ ಊಟಕ್ಕೆ ಉಡಿಯ ಅಕ್ಕಿಯನ್ನೇ ತೊಳೆದು ಒಲೆಗೆ ಇಟ್ಟಳು.

ಅಕ್ಕ ಚಿಲಕವನ್ನೇ ನೋಡುತ್ತಿದ್ದಳು. ಅನ್ನ ಇಳಿಸುವ ಹೊತ್ತಿಗೆ ಎದ್ದಳು.

"ಮೊಸರಿಲ್ಲ. ತರ್ತೀನಿ," ಎಂದು ಚಿಲಕ ತೆಗೆದು ಹೋದಳು.

ಅವ್ವ ಅರ್ಧ ಎದ್ದವಳು ಮತ್ತೆ ಕೂತಳು. ತೆರೆದ ಬಾಗಿಲನ್ನು ಮೂವರೂ ನೋಡುತ್ತ ಕೂತೆವು. ಅಂಗಡಿ ಇರುವುದು ಗಲ್ಲಿಯ ತುದಿಯಲ್ಲೇ. ಅಕ್ಕ ಮೊಸರಿನ ಪ್ಯಾಕೆಟ್ ಹಿಡಿದು ಮರಳಿದಾಗ ಕತ್ತಲಾಗಿತ್ತು. ರಿಂಗ್ ರೋಡಿನವರೆಗೂ ನಡೆದುಹೋಗಿದ್ದಳಂತೆ, ಸುಮ್ಮನೆ. ಹಳದಿ ಅನ್ನ ತಟ್ಟೆಯಲ್ಲಿ ಆರಿ ಹೋಗಿತ್ತು. ಅವ್ವ ಚಿಲಕ ಹಾಕಲು ಏಳದೆ, ಪ್ಯಾಕೆಟ್ ಒಡೆದು ಅವಳ ತಟ್ಟೆಗೆ ಮೊಸರು ಸುರಿದಳು.