ಆಯಿಯ ಗೇಣು

ಮಳೆ ಎಷ್ಟು ಬಂತೆಂದು ತಿಳಿಯಲು ಫೋನು ತೆಗೆಯದೆ ಅಂಗಳಕ್ಕೆ ಇಳಿಯುತ್ತಿದ್ದ ದಿನಗಳವು. ನಾನು ಕಲಬುರಗಿಯ ಕಾನ್ವೆಂಟಿನಲ್ಲಿ ನಾಲ್ಕನೇ ಕ್ಲಾಸು. ಪುಸ್ತಕಗಳ ಹೊಸ ವಾಸನೆ ಇನ್ನೂ ಹೋಗಿರಲಿಲ್ಲ. ವಿಜ್ಞಾನದ ಮಿಸ್ಸು ‘ನಾನು ಕಂಡ ಮಳೆ’ ಎಂದು ಚಾರ್ಟ್ ಮಾಡಿ ತರಲು ಹೇಳಿದರು. ಚೆನ್ನಾಗಿರುವ ಚಾರ್ಟುಗಳು ವರ್ಷವಿಡೀ ಕ್ಲಾಸಿನ ಗೋಡೆಯ ಮೇಲೆ. ನನಗೆ ಆ ಗೋಡೆ ಬೇಕಿತ್ತು.

“ಪೇಪರಿನಾಗ ದಿನಾ ಬರ್ತದಲ್ಲ, ನೋಡಿ ಬರದುಬಿಡು. ಖತಂ!” ಎಂದಳು ಪಕ್ಕದಲ್ಲಿ ಕೂರುವ ನಸೀಮಾ.

ರವಿವಾರ ಅವ್ವನ ಜೊತೆ ಕಮಲಾಪುರಕ್ಕೆ ಹೋದೆ, ಆಯಿಯ ಮನೆಗೆ. ಆಯಿ ಅಂದರೆ ಅವ್ವನ ತಾಯಿ. ಮಧ್ಯಾಹ್ನ ಒಂದು ತಾಸು ಜಡಿಮಳೆ. ನಿಂತ ಕೂಡಲೇ ಆಯಿ ಕಳೆ ತೆಗೆಯುವ ಖುರ್ಪಿ ಹಿಡಿದು ಹಿತ್ತಲಿಗೆ ನಡೆದಳು. ಕೆಂಪು ಬಾಳೆಯ ಬುಡದಾಚೆ ಕೆಮ್ಮಣ್ಣು ಅಗೆದು, ಹಸಿ ಎಲ್ಲಿಗೆ ಮುಗಿದಿದೆ ನೋಡಿ, ಹೆಬ್ಬೆರಳಿಂದ ಕಿರುಬೆರಳಿಗೆ ಕೈ ಚಾಚಿ ಅಳೆದಳು.

“ಒಂದು ಗೇಣು ಇಳದದ. ಬಿತ್ತಾಕ ಅಡ್ಡಿಲ್ಲ.”

ನಾನೂ ಅಳೆದೆ. ನನ್ನ ಪುಟ್ಟ ಕೈಗೆ ಒಂದೂವರೆ ಬಂತು.

“ಯಾವುದು ಖರೆ ಆಯಿ?”

“ಎರಡೂ ಖರೆನೇ. ಕೈ ಯಾರದು ಅಂತ ಬರಿ, ಮುಗೀತು.”

ಅದಕ್ಕೇ ಚಾರ್ಟಿನ ಮೇಲೆ ಇಬ್ಬರ ಕೈಯನ್ನೂ ಇಟ್ಟು ಪೆನ್ಸಿಲಿನಿಂದ ಗೆರೆ ಎಳೆದೆ. ಆಯಿಯ ಕೈ ಉಳ್ಳಾಗಡ್ಡಿ ನಾರುತ್ತಿತ್ತು. ಹೆಬ್ಬೆರಳಿನ ಹತ್ತಿರ ಕೆಮ್ಮಣ್ಣಿನ ಸಣ್ಣ ಕಲೆ ಉಳಿಯಿತು.

ಮರುದಿನ ಮಿಸ್ಸು ಚಾರ್ಟನ್ನು ತಿರುಗಿಸಿ ಮುರುಗಿಸಿ ನೋಡಿದರು. ಅವರ ಸೀರೆಯ ನೆರಿಗೆಯಲ್ಲಿ ಸೀಮೆಸುಣ್ಣದ ಪುಡಿ.

“ಏನಮ್ಮ ಇದು, ಕೈ?”

“ಗೇಣು ಮಿಸ್. ಆಯಿದು ಒಂದು, ನಂದು ಒಂದೂವರೆ.”

ಕ್ಲಾಸೆಲ್ಲ ನಕ್ಕಿತು. ಮಿಸ್ಸು ಅವತ್ತಿನ ಪೇಪರ್ ಬಿಡಿಸಿ ಮಳೆಯ ಪಟ್ಟಿಯಲ್ಲಿ ಕಲಬುರಗಿಯ ಸಾಲಿನ ಮೇಲೆ ಬೆರಳಿಟ್ಟರು. ರವಿವಾರದ ಮಳೆ ಸೊನ್ನೆ. “ಕೈ ಅಳಿಸಿ ಸೊನ್ನೆ ಬರಿ, ಗೋಡೆಗೆ ಹಾಕ್ತೀನಿ” ಎಂದು ತಮ್ಮದೇ ರಬ್ಬರನ್ನು ನನ್ನ ಬೆಂಚಿನ ಮೇಲಿಟ್ಟರು. ಘಮಘಮ ರಬ್ಬರು.

“ಎಸ್ ಮಿಸ್” ಬಿಟ್ಟು ಬೇರೆ ಮಾತಾಡದ ಹುಡುಗಿ ನಾನು. “ಅಳಸಂಗಿಲ್ಲ ಮಿಸ್” ಎಂದೆ.

“ಯಾಕೆ?”

“ನಾನು ಕಂಡ ಮಳೆ ಅಂದಿದ್ರಿ. ಕಮಲಾಪುರದಾಗ ನಾ ಕಂಡೀನ್ರಿ. ತೊಯ್ದೀನ್ರಿ.”

“ಮಾಫಿ ಕೇಳೇ, ಪಾಗಲ್!” ನಸೀಮಾ ನನ್ನ ಲಂಗ ಜಗ್ಗಿದಳು. ಕೇಳಲಿಲ್ಲ. ಊಟದ ಗಂಟೆಯ ತನಕ ನಿಂತೇ ಇದ್ದೆ. ರಬ್ಬರು ಇಟ್ಟಲ್ಲೇ ಇತ್ತು.

ನನ್ನ ಚಾರ್ಟ್ ಗೋಡೆ ಏರಲಿಲ್ಲ. ನಸೀಮಾ ವರ್ಷವಿಡೀ ಕಾಡಿದಳು: “ನಂದು ಸೊನ್ನಿನೇ ಅದ. ಆದರ ಗ್ವಾಡಿ ಮ್ಯಾಲ ಅದ!”

ಹೋದ ವಾರ ನನ್ನ ಮಗಳೂ ಶಾಲೆಯಿಂದ ಮಳೆಯ ಪ್ರಾಜೆಕ್ಟ್ ತಂದಳು. ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮನೆಯ ಹೊರಗೆ ಧೋ ಎಂದು ಸುರಿದು ಆಗಷ್ಟೇ ನಿಂತಿತ್ತು. ಅವಳು ಫೋನಿನಲ್ಲಿ ಅಂಕಿ ಹುಡುಕುತ್ತಿದ್ದಳು. ನಾನು ಅಲ್ಮಾರಿಯಿಂದ ನನ್ನ ಹಳೆಯ ಚಾರ್ಟ್ ತೆಗೆದೆ. ಆಯಿಯ ಗೆರೆಯ ಮೇಲೆ ನನ್ನ ಕೈ ಸರಿಯಾಗಿ ಕೂತಿತು. ಆಯಿ ಈಗಿಲ್ಲ. ಕಮಲಾಪುರದ ಹಿತ್ತಲಿಗೆ ಫರಸಿ ಕಲ್ಲು ಹಾಸಿಯಾಗಿದೆ, ನಮ್ಮ ಅಂಗಳಕ್ಕೂ.

“ಎಲ್ಲಿ ಅಳೀಬೇಕು ಮಮ್ಮಿ? ಮಣ್ಣೇ ಇಲ್ಲಲ್ಲ!”

ಖುರ್ಪಿ ತೂರಿಸಿ ಅಂಗಳದ ಒಂದು ಕಲ್ಲು ಎಬ್ಬಿಸಿದೆ. ಇಷ್ಟು ಮಳೆಯಾದರೂ ಅಡಿಯ ಮಣ್ಣು ಬೂದಿಯಂತೆ ಒಣಗಿತ್ತು.

“ಸೊನ್ನೀನಾ?”

“ಇವತ್ತು ಸೊನ್ನಿ. ಮುಂದಿನ ಮಳೀಗೆ ನೋಡೂಣು.”

ಚಾರ್ಟನ್ನು ಅಡುಗೆಮನೆಯ ಗೋಡೆಗೆ ಹಚ್ಚಿದೆ. ಯಜಮಾನರು ದಿನಾ ಅಂಗಳದಲ್ಲಿ ಎಡವಿ ಗೊಣಗುತ್ತಾರೆ. ಆ ಕಲ್ಲನ್ನು ನಾನು ಇನ್ನೂ ಕೂಡಿಸಿಲ್ಲ.