ಇಂಚಪ್ಪ

ವಾರಕ್ಕೊಮ್ಮೆ ಬಂದು ತಲೆ ತಿನ್ನುವ ಆ ಗಿರಾಕಿಗೆ ಗ್ಯಾರೇಜಿನ ಮೆಕ್ಯಾನಿಕ್ ಇಟ್ಟ ಹೆಸರು ಇಂಚಪ್ಪ. ದಿನಬಳಕೆಯ ಎಸ್‌ಯುವಿಯನ್ನು ಒಂದೇ ಒಂದು ಇಂಚು ಎತ್ತರಿಸಲು ನಾಲ್ಕು ತಿಂಗಳಿಂದ ಅಳೆದೂ ಸುರಿದೂ ನೋಡುತ್ತಿದ್ದಾನೆ. ಸ್ಪ್ರಿಂಗಿನ ಮೇಲೆ ಸ್ಪೇಸರ್ ಬಿಲ್ಲೆ ಕೂರಿಸೋಣವೆಂದರೆ “ಗಾಡಿ ಕುಲುಕಲ್ವಾ?” ಎನ್ನುತ್ತಾನೆ, ಸ್ಪ್ರಿಂಗನ್ನೇ ಬದಲಿಸೋಣವೆಂದರೆ “ಜಾಸ್ತಿ ಎತ್ತರ ಆಗ್ಬಿಟ್ರೆ?” ಎಂದು ರಾಗ ಎಳೆಯುತ್ತಾನೆ. ಕೊನೆಗೆ ನೆಲದಿಂದ ಹಿಂದಿನ ಸೀಟಿನ ಬಾಗಿಲ ಕೆಳಅಂಚಿಗೆ ಟೇಪು ಹಿಡಿದು, ನಿಟ್ಟುಸಿರು ಬಿಟ್ಟು ಹೊರಡುತ್ತಾನೆ. ಈ ಸಲ ಮೆಕ್ಯಾನಿಕ್ ರೇಗಿಯೇಬಿಟ್ಟ: “ಎತ್ತರ ಬೇಕೋ ಬೇಡ್ವೋ, ಒಂದು ಮಾತು ಹೇಳಿ ಸಾರ್!” ಇಂಚಪ್ಪ ಟೇಪು ತೋರಿಸಿದ; ಅದರ ಮೇಲೆ ಒಂದರ ಕೆಳಗೊಂದು ಪೆನ್ನಿನ ಗೆರೆಗಳಿದ್ದವು. “ರೋಡ್ ಹಂಪ್‌ಗೆ ತಳ ಬಡಿದ್ರೆ ಅಮ್ಮನ ಬೆನ್ನು ಹಿಡ್ಕೊಳ್ಳುತ್ತೆ. ಎತ್ತರ ಮಾಡೋಣ ಅಂದ್ರೆ ಗಾಡಿ ಹತ್ತೋಕೆ ಅವರ ಕಾಲು ಇಷ್ಟೇ ಏಳೋದು. ಈ ಗೆರೆ ವಾರವಾರವೂ ಇಳೀತಿದೆ.” ಮೆಕ್ಯಾನಿಕ್ ಟೇಪು ಇಸಿದುಕೊಂಡು, ಕೊನೆಯ ಗೆರೆಗಿಂತ ಇನ್ನೂ ಎರಡಿಂಚು ಕೆಳಗೆ, ಬಾಗಿಲಡಿ ಮೆಟ್ಟಿಲು ಕೂರಿಸುವ ಜಾಗ ಗುರುತು ಮಾಡಿದ.