ಒಂದೇ ಮೈಕಿನ ಈರಣ್ಣ

ಈರಣ್ಣ ಕಿವಿಯಿಂದ ಕೇಳುತ್ತಿದ್ದುದು ಕಡಿಮೆ, ಅಂಗೈಯಿಂದ ಕೇಳುತ್ತಿದ್ದುದೇ ಹೆಚ್ಚು. ಗೋಡೆಗೋ ಬಾಗಿಲಿಗೋ ಸ್ಪೀಕರ್ ಡಬ್ಬಿಗೋ ಬಲಗೈ ಒತ್ತಿ, ಕಣ್ಣು ಮುಚ್ಚಿ, ತಲೆ ಓರೆ ಮಾಡಿ ನಿಲ್ಲುತ್ತಿದ್ದ. ಗೋಡೆಗೆ ಜ್ವರ ಬಂದಿದೆಯೇನೋ ಅಂತ ನೋಡಿದವರಿಗೆ ಅನ್ನಿಸಬೇಕು. ಮೂವತ್ತು ವರ್ಷ ಕಂಡವರ ಮದುವೆಗೆ, ಗಣಪತಿ ಮಂಟಪಕ್ಕೆ ಭೋಂಗಾ ಸ್ಪೀಕರ್ ಕಟ್ಟಿ ಕಟ್ಟಿ ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಅರ್ಧ ಉಳಿದಿತ್ತು. "ಅರ್ಧ ಕಿವಿ ಸಾಕ್ರಿ ಅಕ್ಕಾರ, ಮಂದಿ ಮಾತಿನಾಗ ಅರ್ಧಾನ ಕೆಲಸಕ್ಕ ಬರೋದು" ಅನ್ನುತ್ತಿದ್ದ.

ಅಂಥ ಕಿವಿಯವನು, ಗಂಡ ಹೆಂಡತಿ ಜೋಡಿಯಾಗಿ ಹಾಡಿ, ಹಾಡಿದ್ದನ್ನು ರೆಕಾರ್ಡ್ ಮಾಡಿಕೊಂಡು ಹೋಗಲಿಕ್ಕೆ ತನ್ನ ಮನೆಯ ಹಿಂದಿನ ಖೋಲಿ ಸಜ್ಜು ಮಾಡುತ್ತೇನೆ ಅಂದಾಗ ನಾನು ನಕ್ಕೆ. ಅವನ ಮುಖದ ಮುಂದೆಯೇ ನಕ್ಕೆ. ನಮ್ಮ ಕೊಂಢವಾ ಬಡಾವಣೆಯ ಓಣಿಯಲ್ಲಿ ಇದ್ದವರೆಲ್ಲ ನಮ್ಮ ಕಡೆಯಿಂದ ದುಡಿಯಲಿಕ್ಕೆ ಬಂದ ಗಾರೆಯವರು, ಸೆಂಟ್ರಿಂಗಿನವರು, ಬಣ್ಣ ಹಚ್ಚುವವರು. ನಮ್ಮ ಯಜಮಾನರೂ ಗೌಂಡಿ. ದಿನವಿಡೀ ಇಟ್ಟಿಗೆ ಹೊತ್ತು ಬಂದ ಜೋಡಿ ಹಾಡಲಿಕ್ಕೆ ಹೋಗುತ್ತದೆಯೇ?

"ಹಾಡಾಕ ಬರಬೇಕಂತ ಇಲ್ರಿ, ಬಾಯಿ ಬಿಟ್ರ ಸಾಕು" ಅಂದ. ಆಮೇಲೆ ತನ್ನ ವಿಷಯ ಹೇಳಿದ. ಮದುವೆಯಾಗಿ ಬಂದಾಗ ಒಂದೇ ಖೋಲಿಯಲ್ಲಿ ಏಳು ಮಂದಿ. ಅಪ್ಪ, ಅವ್ವ, ತಮ್ಮಂದಿರು, ನಡುವೆ ಒಂದು ಸೀರೆಯ ಪರದೆ. "ನಾನೂ ಮಹಾದೇವಿನೂ ಹದಿನೆಂಟು ವರ್ಷ ಪಿಸುಪಿಸು ಅಂತ ಸಂಸಾರ ಮಾಡೀವ್ರಿ. ಅಕಿ ಬಾಯಿಬಿಟ್ಟು ಹಾಡಿದ್ರ ಹ್ಯಾಂಗಿರ್ತದ ಅಂತ ಗೊತ್ತಾಗೂದ್ರಾಗ ನನ್ನ ಕಿವಿ ಹೋತು. ಉಳದೋರಿಗಾದ್ರೂ ಒಂದು ಜಾಗಾ ಇರಲಿ." ಇಷ್ಟು ಹೇಳಿ ಮತ್ತೆ ಗೋಡೆಗೆ ಕೈ ಇಟ್ಟ.

ಮನೆಯ ಮರಾಠಿ ಮಾಲಕ ಮೇಲಿನ ಮಹಡಿಯಲ್ಲೇ ಇದ್ದ. ಸದ್ದು ಹೊರಬರದಂತೆ ಖೋಲಿ ಸಜ್ಜು ಮಾಡಲಿಕ್ಕೆ ಒಂದು ತಿಂಗಳು ಟೈಮು ಕೊಟ್ಟ. ಆಮೇಲೆ ಒಂದು ರವಿವಾರ ತಾನೇ ಬಂದು ಬಾಗಿಲ ಹೊರಗೆ ನಿಲ್ಲುತ್ತೇನೆ, ಒಳಗೆ ಜೋರಾಗಿ ಹಾಡಬೇಕು, ಸದ್ದು ಹೊರಬಂದರೆ ಬರೀ ಹಾಡುವ ಖೋಲಿ ಅಲ್ಲ, ಇಡೀ ಮನೆಯೇ ಖಾಲಿ ಮಾಡಬೇಕು ಅಂದ. ಮಹಾದೇವಿ ಅತ್ತಳು. ಈರಣ್ಣ ಮೊಟ್ಟೆಯ ಟ್ರೇ ತರಲಿಕ್ಕೆ ಹೋದ.

ಮೊಟ್ಟೆಯ ಟ್ರೇ ಗೋಡೆಗೆ ಹಚ್ಚಿದರೆ ಸದ್ದು ನಿಲ್ಲುತ್ತದೆ ಅಂತ ಯಾರೋ ಅವನ ತಲೆಗೆ ತುಂಬಿದ್ದರು. ಭುರ್ಜಿ ಗಾಡಿಗಳಿಂದ ಹಳೇ ಟ್ರೇ ತಂದು ನಾಲ್ಕೂ ಗೋಡೆಗೆ ಅಂಟಿಸಿದ. ಸದ್ದು ನಿಲ್ಲಲಿಲ್ಲ. ಒಂದು ವಾರಕ್ಕೆ ಜಿರಲೆಗಳು ಬಂದವು, ಅವುಗಳ ಹಿಂದೆ ಹಲ್ಲಿಗಳು ಬಂದವು. "ನಿನ್ನ ಖೋಲಿಗೆ ಮೊದಲ ಜೋಡಿ ಬಂತು ನೋಡು" ಅಂದೆ. ಅವನೇ ನಕ್ಕು ಎಲ್ಲ ಕಿತ್ತುಹಾಕಿದ.

ಆವತ್ತು ನಾನು ಅವನ ಕಟ್ಟೆಯ ಮೇಲೆ ಕೌದಿ ಹೊಲಿಯುತ್ತಾ ಕೂತಿದ್ದೆ. ಹಳೇ ಸೀರೆ, ಹಳೇ ಧೋತ್ರ, ಏಳೆಂಟು ಪದರು ಹಾಕಿ ಒತ್ತೊತ್ತಾಗಿ ಹೊಲಿದರೆ ಕೌದಿ ಒಂದು ಮಗುವಿನಷ್ಟು ಭಾರ ಆಗುತ್ತದೆ. ಅವನು ಬಂದು ಅದಕ್ಕೂ ಅಂಗೈ ಒತ್ತಿದ.

"ಅಕ್ಕಾರ, ಇಂಥವು ಎಷ್ಟವ?"

"ಹನ್ನೊಂದು ಅವ. ಮೈಮ್ಯಾಲ ಹೊದಿಯೂವು. ಗ್ವಾಡಿಗಲ್ಲ."

"ಗ್ವಾಡಿಗೂ ಚಳಿ ಆಗ್ತದ್ರಿ."

ಹನ್ನೊಂದನ್ನೂ ಒಯ್ದ. ಗೋಡೆಗೆ ತಾಗಿಸಿ ಮೊಳೆ ಹೊಡೆಯಲಿಲ್ಲ. ಮರದ ಪಟ್ಟಿ ಬಡಿದು, ಗೋಡೆಗೂ ಕೌದಿಗೂ ನಡುವೆ ನಾಲ್ಕು ಬೆರಳು ಜಾಗ ಬಿಟ್ಟು, ಸಡಿಲವಾಗಿ ನೆರಿಗೆ ಬಿಟ್ಟು ತೂಗಿಹಾಕಿದ. ಬಿಗಿದರೆ ತಮಟೆ ಆಗುತ್ತದಂತೆ. ಕಿಟಕಿಗೆ ಹಲಗೆಯ ಪೆಟ್ಟಿಗೆ ಮಾಡಿ ಒಳಗೆ ಮರಳು ತುಂಬಿದ. ಬಾಗಿಲಿಗೆ ಇನ್ನೊಂದು ದಪ್ಪ ಹಲಗೆ ಜಡಿದ. ಅವನ ಅಳಿಯ ಚಾಕಣ ಊರಿನ ಕಾರಿನ ಕಾರಖಾನೆಯಲ್ಲಿದ್ದ. ಕಾರಿನ ಬಾಗಿಲಿನ ಸುತ್ತ ಇರುತ್ತದಲ್ಲ, ಆ ರಬ್ಬರಿನ ತುಂಡುಗಳನ್ನು ಅಲ್ಲಿಯ ಗುಜರಿ ಅಂಗಡಿಯಿಂದ ಆರಿಸಿ ತಂದುಕೊಟ್ಟ. ಅದನ್ನು ಚೌಕಟ್ಟಿನ ಸುತ್ತ ಅಂಟಿಸಿದ ಮೇಲೆ ಬಾಗಿಲು ಹಾಕಿದರೆ ಕಾರಿನ ಬಾಗಿಲಿನ ಹಾಗೆ 'ಧಪ್' ಅನ್ನುತ್ತಿತ್ತು. ನೆಲಕ್ಕೆ ಗಾದಿ, ಎರಡು ಲೋಡು, ಮೂಲೆಯಲ್ಲಿ ಹಳದಿ ದೀಪ, ಹಾಡಿನ ಅಕ್ಷರ ಓಡುವ ಒಂದು ಟಿವಿ. ಫ್ಯಾನಿನ ಸದ್ದು ರೆಕಾರ್ಡಿಗೆ ಬರುತ್ತದೆಂದು ಹಾಡುವಾಗ ಫ್ಯಾನು ಬಂದ್.

ರವಿವಾರ ಮಧ್ಯಾಹ್ನ ಈರಣ್ಣ ನಮ್ಮ ಬಾಗಿಲಿಗೆ ಬಂದ. ಮಾಲಕ ಇಳಿದು ಬರುತ್ತಿದ್ದಾನೆ, ಒಳಗೆ ಜೋರು ದನಿಯ ಜೋಡಿ ಬೇಕು. ಭಯಕ್ಕೆ ಮಹಾದೇವಿಯ ಗಂಟಲು ಕಟ್ಟಿದೆ.

"ನಮಗೆಲ್ಲಿ ಹಾಡು ಬರ್ತದೋ?" ಅಂದೆ.

"ಹಾಡು ಬರದಿದ್ರ ಜಗಳಾ ಬರ್ತದಲ್ರಿ? ನಿಮ್ಮಿಬ್ಬರ ಜಗಳಾ ಈ ನನ್ನ ಕಿವಿಗೂ ಕೇಳಸ್ತದ."

ಹೋದೆವು. ಯಂತ್ರ ಚಾಲೂ ಮಾಡಿ, ನಮ್ಮಿಬ್ಬರನ್ನು ಮೈಕಿನ ಮುಂದೆ ನಿಲ್ಲಿಸಿ, ಈರಣ್ಣ ಹೊರಗೆ ಹೋದ. ಬಾಗಿಲು ಧಪ್ ಅಂತು. ಆಮೇಲೆ ಓಣಿಯ ಒಂದು ಸದ್ದೂ ಇಲ್ಲ. ಬೇಕೆಂದಾಗ ಜಗಳವೂ ಬರುವುದಿಲ್ಲ ನೋಡಿ. ನಮ್ಮವರು ಗೋಡೆ ನೋಡುತ್ತಾ ಅಂದರು:

"ಇದು ನನ್ನ ಧೋತ್ರ ಅಲ್ಲೇನ?"

"ಹರದ ಧೋತ್ರದ ನೆನಪದ ನಿಮಗ. ನಮ್ಮವ್ವ ಕೊಟ್ಟ ತಾಮ್ರದ ಹಂಡೆ ನೆನಪದ ಏನು?"

"ಮತ್ತ ಹಂಡೆ ತಗದಿ?"

"ತಗೀಬೇಕಂದ್ರ ಹಂಡೆ ಎಲ್ಲದ? ನಿಮ್ಮ ತಂಗಿ ಬಚ್ಚಲದಾಗ ಅದ!"

ಮೂವತ್ತನಾಲ್ಕು ವರ್ಷದ ಹಿಂದೆ ನನ್ನ ತವರಿನ ಹಂಡೆಯನ್ನು, ನನ್ನನ್ನು ಒಂದು ಮಾತು ಕೇಳದೆ, ತಂಗಿಯ ಮದುವೆಗೆ ಎತ್ತಿಕೊಟ್ಟಿದ್ದರು. ಆಮೇಲೆ ಹಬ್ಬಕ್ಕೊಮ್ಮೆ ಹುಣ್ಣಿಮೆಗೊಮ್ಮೆ ಆ ಜಗಳ ಆಡಿದ್ದೇವೆ. ಆದರೆ ಆವತ್ತಿನಂತೆ ಆಡಿರಲಿಲ್ಲ. ಮಕ್ಕಳು ಕೇಳುತ್ತಾರೆ, ಬಾಜೂ ಮನೆಯವರು ಕೇಳುತ್ತಾರೆ ಅಂತ ಅರ್ಧ ನುಂಗಿದ್ದೆಲ್ಲ ಬಂತು. ನಾದಿನಿಗೆ ಏನೇನೆಂದೆನೋ ಇಲ್ಲಿ ಬರೆಯುವುದಿಲ್ಲ. ಅವರೂ ಒದರಿದರು. ಬೆವರು ಸುರಿಯಿತು. ಕಡೆಗೆ ಅವರಿಗೆ ದಮ್ಮು ಹತ್ತಿ ಗಾದಿಯ ಮೇಲೆ ಕೂತರು. ಧೋತ್ರದ ತುದಿಯಿಂದ ಮುಖ ಒರೆಸಿಕೊಂಡು, ಸಣ್ಣ ದನಿಯಲ್ಲಿ ಅಂದರು: "ನಿನ್ನ ಕೇಳಬೇಕಿತ್ತು. ಕೇಳ್ಲಿಲ್ಲ. ತಪ್ಪಾತು."

ನಾನು ಎಲ್ಲಿ ನೋಡಬೇಕೋ ತಿಳಿಯದೆ ಮೈಕಿನ ಕಡೆ ನೋಡಿದೆ. ಅಷ್ಟರಲ್ಲಿ ಬಾಗಿಲು ತೆರೆಯಿತು. ಮಾಲಕ ಒಳಗೆ ಕತ್ತು ಹಾಕಿ, "ಕಾಯ್, ಸುರೂ ಕಧೀ ಕರಣಾರ?" ಅಂದ. ಯಾವಾಗ ಶುರು ಮಾಡುತ್ತೀರಿ ಅಂತ! ಅವನ ಹಿಂದೆ ಈರಣ್ಣ ಇನ್ನೂ ಗೋಡೆಗೆ ಕೈ ಇಟ್ಟುಕೊಂಡೇ ನಿಂತಿದ್ದ. ಅವನ ಕಣ್ಣಲ್ಲಿ ನೀರಿತ್ತು. ಮನೆ ಉಳಿದಿತ್ತು.

"ಬೈದದ್ದೆಲ್ಲ ಅದರಾಗ ಅದ, ಅಳಸಿಬಿಡು" ಅಂದೆ. ತಲೆ ಆಡಿಸಿದ. ಮನೆಗೆ ಬಂದ ಮೇಲೆ ನಮ್ಮವರನ್ನು ಕೇಳಿದೆ, "ಒಳಗ ಏನಂದ್ರಿ?" "ಏನಂದೆ? ಏನೂ ಅಂದಿಲ್ಲ." ಅಷ್ಟೇ. ಆಮೇಲೆ ನೂರು ಸಲ ಕೇಳಿದ್ದೇನೆ, ನೂರು ಸಲವೂ ಇಲ್ಲ. ಅಳಿಸು ಅಂದ ನನ್ನ ಬಾಯಿಗೆ ನಾನೇ ಬೈದುಕೊಂಡೆ.

ಖೋಲಿ ಆರು ವರ್ಷ ನಡೆಯಿತು. ಮೊದಲು ನಮ್ಮ ಓಣಿಯವರು ನಾಚುತ್ತಾ ಬಂದರು. ಆಮೇಲೆ ವಿಮಾನ ನಗರದ ಆಫೀಸಿನ ಹುಡುಗ ಹುಡುಗಿಯರೂ ಬಂದರು. ಎಲ್ಲರೂ ಕೇಳುತ್ತಿದ್ದುದು ಒಂದೇ. ಬೆಂಗಳೂರಿನ ಕಡೆಯ ಒಬ್ಬಳು, ಗಂಡನ ಜೊತೆ ಮುಖ ಊದಿಸಿಕೊಂಡು ಬಂದವಳು, "ಅಂಕಲ್, ಇನ್ನೊಂದು ಮೈಕ್ ಇಲ್ವಾ?" ಅಂದಳು.

"ಅದ ರೀ."

"ಮತ್ತೆ ಕೊಡಿ."

"ಕೊಡಂಗಿಲ್ರಿ. ಜೋಡಿ ಅಂದ್ರ ಹತ್ರ ನಿಂದರಬೇಕು. ದೂರ ನಿಂದರೂದಿದ್ರ ನಿಮ್ಮ ಮನ್ಯಾಗ ನಿಂದರ್ರಿ."

ಒಂದು ತಾಸಿನ ಮೇಲೆ ಅವರಿಬ್ಬರೂ ಒಂದೇ ಬಾಟಲಿಯಿಂದ ನೀರು ಕುಡಿಯುತ್ತಾ ಹೊರಬಂದದ್ದನ್ನು ನಾನು ನೋಡಿದ್ದೇನೆ. ಹಾಡು ಮಾತ್ರ ಕೇಳುವ ಹಾಗಿರಲಿಲ್ಲ.

ರೆಕಾರ್ಡು ಹಾಕಿ ಕೇಳಿಸಿದಾಗ ಪ್ರತಿಯೊಬ್ಬರೂ "ಇದು ನನ್ನ ದನಿ ಅಲ್ಲ" ಅನ್ನುತ್ತಿದ್ದರು. ಅದಕ್ಕೆ ಈರಣ್ಣನ ಮಾತು ತಯಾರಿರುತ್ತಿತ್ತು: "ನಿಮ್ಮ ದನಿ ನಿಮಗ ಗೊತ್ತಿಲ್ರಿ. ಬಾಜೂಕ ನಿಂತೋರ್ನ ಕೇಳ್ರಿ." ಹಾಡುಗಳ ನಡುವೆ ಜೋಡಿ ಆಡಿದ ಮಾತನ್ನು ಮಾತ್ರ ಅವರ ಕಣ್ಣೆದುರೇ ಅಳಿಸುತ್ತಿದ್ದ.

ಆಮೇಲೆ ಉಳಿದ ಅರ್ಧ ಕಿವಿಯೂ ಹೋಯಿತು. ಮಗಳು ಅಳಿಯ ಇಬ್ಬರನ್ನೂ ಚಾಕಣಕ್ಕೆ ಕರೆದೊಯ್ದರು. ಹೋಗುವ ಮುಂಚೆ ಹನ್ನೊಂದು ಕೌದಿಗಳನ್ನೂ ಒಗೆದು, ಮಡಿಸಿ, ತಾನೇ ಹೊತ್ತು ತಂದುಕೊಟ್ಟ.

ಕಡೆಯ ಸಲ ನೋಡಲಿಕ್ಕೆ ನಾವಿಬ್ಬರೂ ಬಸ್ಸು ಬದಲಿಸಿ ಚಾಕಣಕ್ಕೆ ಹೋದೆವು. ಸೊರಗಿದ್ದ. ಮಾತಾಡುವುದು ಕಡಿಮೆಯಾಗಿತ್ತು. ಮಹಾದೇವಿ ಚಹಾ ತಂದಿಟ್ಟು, "ಈಗ ದಿನಾ ಜೋರ ಹಾಡ್ತೀನ್ರಿ ಅಕ್ಕಾರ. ನನ್ನ ಬೆನ್ನಮ್ಯಾಲ ಕೈ ಇಟ್ಟು ಕೇಳ್ತಾರ" ಅಂದಳು. ಇಂಥದ್ದೆಲ್ಲ ಕೇಳಿ ನನಗೆ ರೂಢಿಯಿಲ್ಲ. ಚಹಾಕ್ಕೆ ಸಕ್ಕರೆ ಹೆಚ್ಚಾಗಿದೆ ಅಂದೆ.

ಈರಣ್ಣ ಎದ್ದು ಹಳೇ ಸ್ಪೀಕರ್ ಡಬ್ಬಿ ಎಳೆದು, ಒಂದು ಪೆನ್ ಡ್ರೈವ್ ಸಿಕ್ಕಿಸಿ, ಡಬ್ಬಿಯ ಮೇಲೆ ಅಂಗೈ ಇಟ್ಟ. "ಬೈದದ್ದೆಲ್ಲ ಅಳಸೀನ್ರಿ ಅಕ್ಕಾರ. ಒಂದು ಮಾತು ಅಳಸಾಕ ಕೈ ಬರ್ಲಿಲ್ಲ."

ಡಬ್ಬಿಯಿಂದ ದಮ್ಮು ಹತ್ತಿದ ಉಸಿರು ಕೇಳಿಸಿತು. ಆಮೇಲೆ: "ನಿನ್ನ ಕೇಳಬೇಕಿತ್ತು. ಕೇಳ್ಲಿಲ್ಲ. ತಪ್ಪಾತು."

ನಮ್ಮವರು ಚಹಾದ ಬಸಿ ಕೆಳಗಿಟ್ಟರು. "ಅದು ನನ್ನ ದನಿ ಅಲ್ಲ" ಅಂದರು.

ಈರಣ್ಣನಿಗೆ ಒಂದಕ್ಷರ ಕೇಳಿಸಿರಲಿಲ್ಲ. ತುಟಿ ನೋಡಿಯೇ ತಿಳಿದು, ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಕೆಮ್ಮು ಬಂದು, ಕೆಮ್ಮುತ್ತಲೇ ನನ್ನ ಕಡೆ ಬೆರಳು ತೋರಿಸಿದ. "ನಿಮಗ ಗೊತ್ತಿಲ್ರಿ ಅಣ್ಣಾರ. ಬಾಜೂಕ ಕುಂತೋರ್ನ ಕೇಳ್ರಿ."

ಪೆನ್ ಡ್ರೈವ್ ಸೆರಗಿಗೆ ಗಂಟು ಹಾಕಿಕೊಂಡು ಬಂದೆ. ಎರಡು ತಿಂಗಳಿಗೆ ಈರಣ್ಣ ಹೋದ. ಮಣ್ಣಿಗೆ ಹೋಗಲಿಕ್ಕೂ ಆಗಲಿಲ್ಲ, ಸುದ್ದಿ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಕೊಂಢವಾದ ಆ ಖೋಲಿಯಲ್ಲಿ ಈಗ ಟೈಲ್ಸ್ ಪೆಟ್ಟಿಗೆ ಒಟ್ಟಿದ್ದಾರೆ. ಬಾಗಿಲಿನ ರಬ್ಬರು ಹಾಗೇ ಇದೆ.

ನಮ್ಮವರು ಇವತ್ತಿಗೂ ಅದು ತಮ್ಮ ದನಿ ಅಲ್ಲ ಅನ್ನುತ್ತಾರೆ. ಬಾಜೂಕೆ ಕೂತವಳು ನಾನು, ನನಗೆ ಗೊತ್ತು. ನನ್ನ ಮಾತನ್ನು ಅವರು ಒಪ್ಪುವುದಿಲ್ಲ. ಸಾಕ್ಷಿ ಹೇಳಬಲ್ಲ ಇನ್ನೊಬ್ಬನೆಂದರೆ ಆ ಕಿವುಡ ಒಬ್ಬನೇ ಇದ್ದ.